ಜಯಮ್ಮ ಧಾರೆ ಎರೆದ ವೈಶಾಖ

ಹೋದ ವಾರ ರಾಮನಗರದ ಆ ಛತ್ರಕ್ಕೆ ಮತ್ತೆ ಹೋಗಬೇಕಾಯಿತು. ಒಂದು ಆರತಕ್ಷತೆಯ ಫೋಟೋ ಕೆಲಸ. ಬ್ಯಾಗು ಇಳಿಸಿ ಲೈಟು ನಿಲ್ಲಿಸುವಷ್ಟರಲ್ಲಿ ಗಾಳಿ ತಿರುಗಿತು. ಹಿಂದಿನ ಬೀದಿಯಲ್ಲಿ ನೂಲು ತೆಗೆಯುವ ಮನೆಗಳಿವೆ. ಅಲ್ಲಿ ರೇಷ್ಮೆಗೂಡು ಬೇಯುವ ವಾಸನೆ ಛತ್ರದ ತುಂಬ ನುಗ್ಗಿತು. ಬೆಂಗಳೂರಿಂದ ಬಂದಿದ್ದವರು ಒಬ್ಬೊಬ್ಬರಾಗಿ ಕರ್ಚೀಫು ತೆಗೆದು ಮೂಗಿಗೆ ಹಿಡಿದರು. “ಇಲ್ಲೆಲ್ಲೋ ಏನೋ ಸತ್ತಿದೆ ಕಣ್ರೀ” ಅಂದಳು ಒಬ್ಬಳು, ಭಾರವಾದ ರೇಷ್ಮೆ ಸೀರೆ ಉಟ್ಟವಳು. ಸತ್ತಿರುವುದು ನಿಜ. ಆ ಸೀರೆಗೇ ಸತ್ತಿರುವುದು. ನಾನು ಹೇಳಲಿಲ್ಲ, ಕೆಲಸಕ್ಕೆ ಬಂದವಳು. “ಈ ಕಡೆ ನೋಡಿ ಮೇಡಂ, ಒಸಿ ನಗಿ” ಅಂದೆ. ಕರ್ಚೀಫು ಇಳಿಸಿ ನಕ್ಕಳು.

ಆ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಅದಕ್ಕೆ ನಾನು ಮೂಗು ಮುಚ್ಚುವವಳಲ್ಲ. ಆದರೆ ಆ ಛತ್ರದಲ್ಲಿ ಆ ವಾಸನೆ ಬಂದರೆ ಸಿಟ್ಟು ಬರುತ್ತದೆ. ಮೂರು ವರ್ಷದ ಹಿಂದಿನ ವೈಶಾಖದಲ್ಲಿ ಅಲ್ಲೇ ನಡೆದ ಒಂದು ಮದುವೆ ನೆನಪಾಗುತ್ತದೆ. ಆರಿಹೋಗಿದೆ ಅಂದುಕೊಂಡಿದ್ದೆ ಆ ಸಿಟ್ಟು. ಆರಿಲ್ಲ ಅಂತ ಹೋದ ವಾರ ಗೊತ್ತಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕೂಟಗಲ್ ಹೋಬಳಿಯ ಒಂದು ಊರು. ರಾಗಿ, ಸ್ವಲ್ಪ ಹಿಪ್ಪುನೇರಳೆ, ಎರಡು ಸೀಮೆಹಸು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು, ಗಂಡು ಹೆಣ್ಣು ಎರಡೂ ಸೇರಿಸಿ ಹೇಳುತ್ತಿದ್ದೇನೆ. ಬೆಳಿಗ್ಗೆ ಎದ್ದು ಹುಳಕ್ಕೆ ಸೊಪ್ಪು ಕುಯ್ದು ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ನೋಟ್ಸು ಓದಿ ಪಾಸಾದ ಬಿ.ಎ. ಅದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಪಾಸಾದ ಖುಷಿಗೆ ಚನ್ನಪಟ್ಟಣದ ಒಂದು ಸ್ಟುಡಿಯೋಗೆ ಹೋಗಿ, ಅವರದೇ ಕರಿ ಗೌನು ಹಾಕಿಕೊಂಡು, ಪುಸ್ತಕದ ಕಪಾಟಿನ ಪರದೆ ಮುಂದೆ ನಿಂತು ಫೋಟೋ ತೆಗೆಸಿದೆ. ಮನೆಗೆ ತಂದರೆ ಅವ್ವ ತಿರುಗಿಸಿ ಮುರುಗಿಸಿ ನೋಡಿ, “ಇದ್ಯಾರವ್ವ?” ಅಂದಳು. ನನ್ನ ಮುಖಕ್ಕೆ ಸುಣ್ಣ ಬಳಿದಿದ್ದರು. ಕಂಪ್ಯೂಟರಿನಲ್ಲಿ ಬಳಿಯುವ ಸುಣ್ಣ.

ಮಾರನೆಯ ದಿನವೇ ಜಗಳಕ್ಕೆ ಹೋದೆ. ಸ್ಟುಡಿಯೋ ಮಾಲೀಕ ರಮೇಶಣ್ಣ ನಗುತ್ತಲೇ ಇದ್ದ. “ಎಲ್ರೂ ಬೆಳ್ಳಗೆ ಮಾಡ್ಕೊಡಿ ಅಂತ ಬತ್ತಾರೆ. ಕರ್ರಗೆ ಮಾಡ್ಕೊಡಿ ಅಂತ ಬಂದೋಳು ನೀನೊಬ್ಳೇ ಕಣಮ್ಮಿ” ಅಂದ. “ಕರ್ರಗೆ ಮಾಡಿ ಅನ್ನಲಿಲ್ಲ, ನನ್ನ ಮುಖ ವಾಪಸ್ ಕೊಡಿ ಅಂದೆ” ಅಂದೆ. ಏನನ್ನಿಸಿತೋ, ಜಗಳ ಮುಗಿಯುವ ಹೊತ್ತಿಗೆ ಕೆಲಸ ಕೊಟ್ಟಿದ್ದ. ಅವನಿಗೂ ಒಂದು ಲೆಕ್ಕಾಚಾರ ಇತ್ತು. ಚನ್ನಪಟ್ಟಣದ ಮುಸ್ಲಿಮರ ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸು ಕ್ಯಾಮೆರಾ ಹಿಡಿದು ಹೋಗುವ ಹಾಗಿಲ್ಲ. ಒಬ್ಬ ಹುಡುಗಿ ಬೇಕಾಗಿತ್ತು.

ನಾನು ಕೆಲಸ ಕಲಿತದ್ದು ಆ ಮನೆಗಳ ಒಳಕೋಣೆಗಳಲ್ಲಿ. ಗೊಂಬೆ ಮಾಡುವವರ ಮನೆ, ನೂಲು ತೆಗೆಯುವವರ ಮನೆ. ಒಂದೇ ಕಿಟಕಿ, ಅದರಿಂದ ಬರುವಷ್ಟೇ ಬೆಳಕು. ಮದುಮಗಳು ತಲೆ ತಗ್ಗಿಸಿಯೇ ಕೂತಿರುತ್ತಾಳೆ, ಮುಖ ಸಿಗುವುದಿಲ್ಲ. ಹಾಗಾಗಿ ಕೈ ನೋಡುವುದನ್ನು ಕಲಿತೆ. ಮದರಂಗಿ ಹಚ್ಚಿದ ಕೈಯನ್ನು ಅಕ್ಕನೊಬ್ಬಳು ಹಿಡಿದುಕೊಂಡಿರುವ ರೀತಿಯಲ್ಲೇ ಆ ಮನೆಯ ಕಥೆ ಇರುತ್ತದೆ. ಯಾರು ಯಾರನ್ನು ಬಿಟ್ಟುಕೊಡಲು ಒಪ್ಪಿಲ್ಲ ಅನ್ನುವುದು ಬೆರಳಲ್ಲಿ ಗೊತ್ತಾಗುತ್ತದೆ. ಕಾಯಬೇಕು ಅಷ್ಟೆ. ರಮೇಶಣ್ಣ ಗಿರಾಕಿಗಳಿಗೆ, “ನಾವ್ ಫೋಟೋ ಮಾರಲ್ಲ ಸಾರ್, ಸ್ಟೋರಿ ಮಾರ್ತೀವಿ” ಅನ್ನುತ್ತಿದ್ದ. ಆ ಮಾತು ನನಗೆ ಆಗ ಇಷ್ಟವಾಗಿತ್ತು. ಬಿ.ಎ.ಯಲ್ಲಿ ಕನ್ನಡ ಸಾಹಿತ್ಯ ಓದಿದವಳು ನಾನು.

ಆ ವೈಶಾಖದಲ್ಲಿ ಬಿಸಿಲು ವಿಪರೀತ ಇತ್ತು. ಮಧ್ಯೆ ಒಂದು ಆಲಿಕಲ್ಲು ಮಳೆ ಬಂದು, ಕೀಳಲು ತಯಾರಾಗಿದ್ದ ಮಾವೆಲ್ಲ ನೆಲಕ್ಕೆ ಬಿದ್ದು, ರಸ್ತೆ ಬದಿಯಲ್ಲಿ ಕೊಳೆಯುತ್ತಿತ್ತು. ಮದುವೆಯ ಮೇಲೆ ಮದುವೆ. ಬೆಳಗಿನ ಜಾವ ಬೆಟ್ಟದ ಬಂಡೆಗಳ ಮೇಲೆ ಗಂಡುಹೆಣ್ಣನ್ನು ಓಡಿಸಿ ಪ್ರೀವೆಡ್ಡಿಂಗ್ ತೆಗೆಯುವುದು, ಹತ್ತು ಗಂಟೆಗೆ ಇನ್ನೊಂದು ಛತ್ರದಲ್ಲಿ ಮುಹೂರ್ತ. ಊಟಕ್ಕೆ ನಮ್ಮನ್ನು ಕರೆಯುವುದು ಕೊನೆಯ ಪಂಕ್ತಿಗೆ, ಅದೂ ನೆನಪಾದರೆ. ಹೆಸರಿಲ್ಲ ನಮಗೆ. “ಏಯ್ ಫೋಟೋ, ಇಲ್ಲಿ ಬಾ.” “ಏಯ್ ಫೋಟೋ, ಅತ್ತಗೆ ನಿಂತ್ಕೊ.”

ಆದರೆ ಒಂದು ವಿಚಿತ್ರ ಗಮನಿಸಿದ್ದೆ. ನಮ್ಮನ್ನು ಹೆಸರಿಟ್ಟು ಕರೆಯದವರು ನಾವು ಹೇಳಿದ್ದನ್ನೆಲ್ಲ ಮಾಡುತ್ತಿದ್ದರು. ಯಾರು ಮೊದಲು ಕಾಲು ತೊಳೆಯಬೇಕು ಅಂತ ಒಂದು ಗಂಟೆ ಕಿತ್ತಾಡುವ ಗೌಡರು, “ಒಸಿ ಎಡಕ್ಕೆ ಬನ್ನಿ” ಅಂದರೆ ಎಡಕ್ಕೆ ಬರುತ್ತಿದ್ದರು. ತಾಳಿ ಕಟ್ಟಿದ ಮೇಲೆ “ಅಣ್ಣ, ಇನ್ನೊಂದ್ಸಲ ಕಟ್ಟಿದಂಗೆ ಮಾಡಿ, ಈ ಕಡೆ ನೋಡಿ” ಅಂದರೆ ಗಂಡು ಮತ್ತೆ ಕೈ ಎತ್ತುತ್ತಿದ್ದ. ಪುರೋಹಿತರು ಮಂತ್ರ ನಿಲ್ಲಿಸಿ ನಮಗಾಗಿ ಕಾಯುತ್ತಿದ್ದರು. ಮಗಳ ಮಾತು, ತಾಯಿಯ ಮಾತು ನಡೆಯದ ಮಂಟಪದಲ್ಲಿ ಕ್ಯಾಮೆರಾದ ಮಾತು ನಡೆಯುತ್ತಿತ್ತು.

ಇದನ್ನು ನನ್ನ ಹಾಗೆಯೇ ಗಮನಿಸಿದ್ದ ಇನ್ನೊಬ್ಬಳು ಸೌಮ್ಯ. ನರ್ಸಿಂಗ್ ಓದಿ ಕನಕಪುರದಲ್ಲಿ ಕೆಲಸಕ್ಕಿದ್ದ ಹುಡುಗಿ. ತನ್ನ ಮದುವೆಯ ಫೋಟೋ ಮಾತಾಡಲು ತಾಯಿಯನ್ನು ಕರೆದುಕೊಂಡು ತಾನೇ ಬಂದಳು. ತಾಯಿ ಜಯಮ್ಮ, ಮಾಗಡಿ ಕಡೆಯ ಹಳ್ಳಿಯವರು. ಸೌಮ್ಯ ನಾಲ್ಕನೇ ಕ್ಲಾಸಿನಲ್ಲಿರುವಾಗ ಗಂಡ ತೀರಿಕೊಂಡಿದ್ದರು. ಆಮೇಲೆ ರೇಷ್ಮೆಹುಳ ಮೇಯಿಸಿಯೇ ಮಗಳನ್ನು ಓದಿಸಿದ್ದರು. ಸ್ಟುಡಿಯೋದ ಮೆತ್ತನೆ ಸೋಫಾದ ತುದಿಯಲ್ಲಿ ಕೂತಿದ್ದರು, ಏಳು ಅಂದರೆ ಏಳಲು ತಯಾರಾಗಿ. ರಮೇಶಣ್ಣ ಫೋನಿನಲ್ಲಿದ್ದ. ತಾಯಿ ನೀರು ಕುಡಿಯಲು ಎದ್ದಾಗ ಸೌಮ್ಯ ನನ್ನ ಕಡೆ ಬಗ್ಗಿದಳು.

“ಅಕ್ಕ, ಪ್ರೀವೆಡ್ಡಿಂಗ್ ಬ್ಯಾಡ, ಡ್ರೋನ್ ಬ್ಯಾಡ. ನಮ್ಮಮ್ಮ ನಂಗೆ ಧಾರೆ ಎರೆಯೋ ಫೋಟೋ ಒಂದು ಬೇಕು.”

“ಅದು ಇದ್ದೇ ಇರ್ತದಲ್ಲ” ಅಂದೆ. ಅಂದ ಮೇಲೆ ಜಯಮ್ಮನ ಬೋಳು ಕೈ ಕಣ್ಣಿಗೆ ಬಿತ್ತು.

“ಅವ್ರು ಬುಡಲ್ಲ. ದೊಡ್ಡಪ್ಪ ದೊಡ್ಡಮ್ಮ ಎರೀತಾರೆ ಅಂತ ಆಗೋಗೈತೆ. ನಾ ಅತ್ತೂ ನೋಡ್ದೆ, ಜಗಳಾನೂ ಆಡ್ದೆ. ನಮ್ಮಮ್ಮನೇ ಸುಮ್ಕಿರು ಅಂತದೆ. ನಿಮ್ ಮಾತಾದ್ರೆ ಕೇಳ್ತಾರೆ ಅಕ್ಕ. ನಮ್ ಚಿಕ್ಕಪ್ಪನ ಮಗಳ ಮದ್ವೇಲಿ ನೋಡಿವ್ನಿ, ಫೋಟೋದೋರು ಹೇಳಿದ್ರೆ ತಾತನೂ ಕುಣೀತಾನೆ.”

“ಆಯ್ತು, ತೆಗೀತೀನಿ” ಅಂದೆ. ಹೇಗೆ ಅಂತ ಆಗ ಗೊತ್ತಿರಲಿಲ್ಲ.

ಮುಹೂರ್ತದ ದಿನ ಛತ್ರದಲ್ಲಿ ಜಯಮ್ಮ ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಅಡಿಗೆಮನೆ ಪಕ್ಕದ ಉಗ್ರಾಣದಲ್ಲಿದ್ದರು. ನೆಂಟರಿಗೆ ಕೊಡುವ ತಾಂಬೂಲದ ಚೀಲಗಳಿಗೆ ಒಂದೊಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಅಡಿಕೆ ತುಂಬುತ್ತ ನೆಲದ ಮೇಲೆ ಕೂತಿದ್ದರು. ತುಂಬಿದ ಚೀಲಗಳನ್ನು ಬಾಗಿಲವರೆಗೆ ತಂದು ಇಡುತ್ತಿದ್ದರು. ಅಲ್ಲಿಂದ ಮುತ್ತೈದೆಯರು ಎತ್ತಿಕೊಂಡು ಹೋಗಿ ಹಂಚುತ್ತಿದ್ದರು. ತುಂಬಬಹುದು, ಕೊಡಬಾರದು. ನೆಲ ಒರೆಸಬಹುದು, ಮಂಟಪ ಹತ್ತಬಾರದು. ಹುಳ ಸಾಕಿ, ಗೂಡು ಮಾರಿ, ಆ ಮದುವೆ ನಡೆಸುತ್ತಿದ್ದವರು ಅವರು. ಆವತ್ತೂ ಇದೇ ವಾಸನೆ ಬರುತ್ತಿತ್ತು, ಆವತ್ತೂ ಗಂಡಿನ ಕಡೆಯವರು ಮೂಗು ಮುಚ್ಚಿಕೊಂಡಿದ್ದರು.

“ಮುಹೂರ್ತ ಆಗ್ತಾ ಐತೆ, ಬನ್ನಿ ಅಮ್ಮ” ಅಂದೆ.

“ಇಲ್ಲಿಂದ್ಲೇ ವಾಲಗ ಕೇಳ್ತದಲ್ಲ ಬುಡವ್ವ.”

“ಕೇಳೋದಲ್ಲ, ನೋಡ್ಬೇಕು.”

“ನಾನ್ ಬಂದು, ನಾಳೆ ದಿನ ಏನಾರ ಆದ್ರೆ ನನ್ ಮಗೀಗೆ ಅಂತಾರೆ. ನಿಂಗೆ ತಿಳಿಯಲ್ಲ, ಓದ್ದೋಳು ನೀನು.” ಹೇಳುತ್ತಲೇ ಇನ್ನೊಂದು ಕಾಯಿ ತೆಗೆದು, ಮೂರು ಕಣ್ಣೂ ಸರಿಯಾಗಿವೆಯಾ ನೋಡಿ ಚೀಲಕ್ಕೆ ಹಾಕಿದರು.

ನಮ್ಮ ಕಡೆ ಧಾರೆ ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಂಡುಹೆಣ್ಣಿನ ಕೈ ಸೇರಿಸಿ ಮೇಲೊಂದು ತೆಂಗಿನಕಾಯಿ ಇಡುತ್ತಾರೆ. ಹೆಣ್ಣಿನ ತಂದೆತಾಯಿ ಗಿಂಡಿಯಿಂದ ಹಾಲು ಎರೆದು ಮಗಳನ್ನು ಕೊಡುತ್ತಾರೆ. ಆಮೇಲೆ ನೆಂಟರಿಷ್ಟರು ಸಾಲಾಗಿ ಬಂದು ತಾವೂ ಹಾಲು ಬಿಡುತ್ತಾರೆ. ಆವತ್ತು ಸೌಮ್ಯಳ ದೊಡ್ಡಪ್ಪ ತಿಮ್ಮೇಗೌಡರು ಹೆಂಡತಿಯ ಜೊತೆ ಮೊದಲ ಧಾರೆ ಎರೆದರು. ಊರಿಗೆ ಯಜಮಾನಿಕೆ ಮಾಡುವ ಮನುಷ್ಯ, ಬಿಳಿ ಪಂಚೆ, ಬಿಳಿ ಮೀಸೆ. ಫೋಟೋಗೆ ಚೆನ್ನಾಗಿಯೇ ಕಾಣುತ್ತಿದ್ದರು. ಹಿಂದೆ ಸಾಲು ಬಂತು. ಅತ್ತೆಯರು, ಮಾವಂದಿರು, ತಿಮ್ಮೇಗೌಡರ ಸ್ನೇಹಿತರು, ಸ್ನೇಹಿತರ ಸ್ನೇಹಿತರು. ಸೌಮ್ಯಳ ಹೆಸರು ಕೂಡ ಗೊತ್ತಿಲ್ಲದ ಗುತ್ತಿಗೆದಾರನೊಬ್ಬ ಕೂಲಿಂಗ್ ಗ್ಲಾಸು ಹಾಕಿಕೊಂಡೇ ಬಂದು ಹಾಲು ಬಿಟ್ಟು ನನ್ನ ಕಡೆ ನೋಡಿ ಪೋಸು ಕೊಟ್ಟ. ಅವನದನ್ನೂ ತೆಗೆದೆ. ಸೌಮ್ಯ ಪ್ರತಿಯೊಬ್ಬರು ಬಂದಾಗಲೂ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು.

ಸಾಲು ಮುಗಿಯಿತು. ಗಿಂಡಿ ಕೆಳಗಿಟ್ಟರು.

“ಯಾರೂ ಏಳ್ಬೇಡಿ. ಮೊದ್ಲನೇ ಧಾರೆ ಫೋಟೋ ಸರಿ ಬಂದಿಲ್ಲ. ಇನ್ನೊಂದ್ಸಲ” ಅಂದೆ.

ತಿಮ್ಮೇಗೌಡರು ಮಾತಿಲ್ಲದೆ ಎದ್ದು ಬಂದು ಗಿಂಡಿ ಹಿಡಿದರು. “ನೀವಿಬ್ರೂ ಒಸಿ ಪಕ್ಕಕ್ಕೆ ನಿಂತ್ಕೊಳ್ಳಿ. ಹೆಣ್ಣಿನ ತಾಯಿನ ಕರೀರಿ” ಅಂದೆ. ಅವರು ಪಕ್ಕಕ್ಕೆ ಸರಿದೂ ಬಿಟ್ಟರು. ಆಮೇಲೆ ನಾನು ಹೇಳಿದ್ದು ಏನು ಅಂತ ಅವರಿಗೆ ಹೊಳೆಯಿತು.

“ಏಯ್ ಫೋಟೋ. ನಿನ್ ಕೆಲ್ಸ ಎಷ್ಟೋ ಅಷ್ಟು ನೋಡ್ಕೊ.”

“ಅದೇ ನೋಡ್ತಿರೋದು ಸಾರ್. ಶಾಸ್ತ್ರ ಮುಗೀತಲ್ಲ, ಇದು ಶಾಸ್ತ್ರ ಅಲ್ಲ. ಪೋಸು.”

ಗಂಡಿನ ಕಡೆಯ ಹೆಂಗಸೊಬ್ಬಳು, “ಒಳ್ಳೆ ದಿನ ಇಂಥಾದ್ದೆಲ್ಲ ಯಾಕವ್ವ” ಅಂದಳು. ಪುರೋಹಿತರಿಗೆ ಇನ್ನೊಂದು ಮದುವೆಗೆ ಹೊತ್ತಾಗಿತ್ತು. “ಮುಹೂರ್ತ ಕಳೀತು, ಏನಾದ್ರೂ ಮಾಡ್ಕೊಳ್ಳಿ, ಬೇಗ ಮುಗಿಸಿ” ಅಂದರು. ಗಂಡು, “ಫೋಟೋ ತಾನೇ ಮಾವ, ತೆಕ್ಕೊಳ್ಲಿ ಬುಡಿ” ಅಂದ. ಸುತ್ತ ಇದ್ದವರು ಕೈ ತೆಗೆ ಅನ್ನುತ್ತಿದ್ದರೂ ಸೌಮ್ಯ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ, ತೆಂಗಿನಕಾಯಿ ಹೊತ್ತುಕೊಂಡು ಹಾಗೇ ಕೂತಿದ್ದಳು. ಕಾಯಿಯ ಭಾರಕ್ಕೆ ಅವಳ ಕೈ ಕೆಳಗಿಳಿಯುತ್ತಿತ್ತು.

ಗಲಾಟೆ ಕೇಳಿ ಜಯಮ್ಮ ಉಗ್ರಾಣದ ಬಾಗಿಲಿಗೆ ಬಂದಿದ್ದರು. ಮಗಳ ಕೈ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿಗಳ ಮಧ್ಯೆ ನಡೆದು ಬಂದು, ಮೂರು ಮೆಟ್ಟಿಲು ಹತ್ತಿ, ಗಿಂಡಿ ಎತ್ತಿಕೊಂಡರು. ಯಾರೂ ತಡೆಯಲಿಲ್ಲ. ತಡೆಯಲು ಯಾರಿಗೂ ಕೈ ಬರಲಿಲ್ಲ ಅನ್ನಿ. ಪೋಸು ಕೊಡುವವರು ಹಾಲನ್ನು ಹನಿ ಹನಿ ಬಿಡುತ್ತಾರೆ, ಕ್ಯಾಮೆರಾ ನೋಡುತ್ತಾರೆ. ಜಯಮ್ಮ ನನ್ನ ಕಡೆ ನೋಡಲೇ ಇಲ್ಲ. ಗಿಂಡಿಯಲ್ಲಿದ್ದಷ್ಟನ್ನೂ ಒಂದೇ ಸಮನೆ ಬಗ್ಗಿಸಿದರು, ಒಂದು ಕೈಯಲ್ಲಿ ಗಿಂಡಿ, ಇನ್ನೊಂದು ಕೈ ಮಗಳ ಮಣಿಕಟ್ಟಿನ ಕೆಳಗೆ. ಹೆಬ್ಬೆರಳ ಬುಡದಲ್ಲಿ ಸೊಪ್ಪು ಕುಯ್ಯುವ ಕುಡುಗೋಲಿನ ಹಳೇ ಗಾಯದ ಗೆರೆ. ಇಳಿಯುತ್ತಿದ್ದ ಮಗಳ ಕೈ ಮತ್ತೆ ಮೇಲಕ್ಕೆ ಬಂತು. ಮೂರು ಫೋಟೋ ತೆಗೆದೆ, ಒಂದು ದೂರದ್ದು, ಒಂದು ಹತ್ತಿರದ್ದು, ಆಮೇಲೆ ಬರೀ ಕೈಗಳದ್ದು. ಅಲ್ಲಿಯವರೆಗೆ ಅಷ್ಟು ಒಳ್ಳೆಯ ಫೋಟೋ ನಾನು ತೆಗೆದಿರಲಿಲ್ಲ. ತೆಗೆಯುವಾಗಲೇ ಗೊತ್ತಾಗಿತ್ತು.

ಖಾಲಿ ಗಿಂಡಿ ಇಟ್ಟು ಜಯಮ್ಮ ಮತ್ತೆ ಉಗ್ರಾಣಕ್ಕೆ ಹೋದರು. ಚೀಲಗಳು ಇನ್ನೂ ಬಾಕಿ ಇದ್ದವು.

ವಾರ ಕಳೆಯುವ ಮುಂಚೆ ತಿಮ್ಮೇಗೌಡರು ಸ್ಟುಡಿಯೋಗೆ ಬಂದು ರಮೇಶಣ್ಣನ ಜೊತೆ ಬಾಗಿಲು ಹಾಕಿಕೊಂಡು ಮಾತಾಡಿದರು. ಅವರ ಊರಿನ, ಸುತ್ತಲ ಊರಿನ ಮದುವೆಗಳೆಲ್ಲ ಅವರ ಬಾಯಿಂದ ಸ್ಟುಡಿಯೋಗೆ ಬರುತ್ತಿದ್ದವು. ಹೊರಗೆ ಬಂದವರು ನನ್ನ ಕಡೆ ನೋಡದೆ ಹೋದರು. ಫೋಟೋ ತೆಗೆದುಹಾಕಿ ಅಂದಿರುತ್ತಾರೆ ಅಂದುಕೊಂಡೆ. ಅಷ್ಟೇ ಆಗಿದ್ದರೆ ನನ್ನ ಸಿಟ್ಟು ಇಷ್ಟು ವರ್ಷ ಬಾಳುತ್ತಿರಲಿಲ್ಲ.

ಆಲ್ಬಂ ಪುಟಗಳನ್ನು ರಮೇಶಣ್ಣನೇ ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದ. ಒಂದು ಮಧ್ಯಾಹ್ನ, “ಬಾರಮ್ಮಿ ಇಲ್ಲಿ, ಒಂದ್ ಕೆಲ್ಸ ತೋರಿಸ್ತೀನಿ” ಅಂತ ಖುಷಿಯಿಂದ ಕರೆದ. ಪರದೆಯ ತುಂಬ ನನ್ನ ಫೋಟೋ, ಕೈಗಳದ್ದು. ಆಲ್ಬಮ್ಮಿನ ನಡುವೆ ಎರಡು ಪುಟ ಹರಡಿ ಹಾಕಿದ್ದ. ಹಾಲು ಹಾಗೇ ಇತ್ತು, ಗಿಂಡಿ ಹಾಗೇ ಇತ್ತು. ಜಯಮ್ಮನ ಎರಡೂ ಕೈಗಳಿಗೆ ಒಂದೊಂದು ಡಜನ್ ಹಸಿರು ಗಾಜಿನ ಬಳೆ. ನಡುವೆ ಎರಡೆರಡು ಚಿನ್ನದವು. ಗಾಯದ ಗೆರೆ ಇಲ್ಲ. ಚರ್ಮ ನುಣ್ಣಗೆ, ಬೆಳ್ಳಗೆ.

“ಬಳೆ ದೊಡ್ಡಮ್ಮನ ಫೋಟೋದಿಂದ ತಗ್ದು ಕೂರಿಸಿದೀನಿ. ನೆರಳೂ ಸರಿಯಾಗ್ ಬಂದೈತೆ ನೋಡು, ಯಾರ್ಗೂ ಗೊತ್ತಾಗಲ್ಲ.”

“ಇದು ಜಯಮ್ಮನ ಕೈ.”

“ಕೈ ಮೇಲೆ ಹೆಸ್ರು ಬರ್ದಿರ್ತದಾ? ಗೌಡ್ರು ಆವಮ್ಮ ಕಾಣ್ಬಾರ್ದು ಅಂದ್ರು, ಕಾಣಲ್ಲ. ನಂಗೆ ಈ ಫೋಟೋ ಬುಡೋಕೆ ಮನಸ್ಸಿಲ್ಲ, ಬುಟ್ಟಿಲ್ಲ. ಇಬ್ರಿಗೂ ಆಯ್ತು.”

“ಹೆಂಗಸು ಬ್ಯಾಡ, ಆದ್ರೆ ಅವಳ ಕೈ ಬೇಕು.”

“ಭಾಷಣ ಬ್ಯಾಡ. ನಾವು ಸ್ಟೋರಿ ಮಾಡೋರು, ಕೋರ್ಟಿಗೆ ಸಾಕ್ಷಿ ಕೊಡೋರಲ್ಲ. ಡಿಗ್ರಿ ಮಾಡ್ದೋರ್ನ ಇಟ್ಕೊಂಡ್ರೆ ಇದೇ ಗೋಳು ನೋಡು.”

ನನ್ನ ಮುಖಕ್ಕೆ ಸುಣ್ಣ ಬಳಿದವನು ಇವನೇ ಅಂತ ಗೊತ್ತಿದ್ದೂ ಒಂದೂವರೆ ವರ್ಷ ಇವನ ಕೈಕೆಳಗೆ ಕೆಲಸ ಮಾಡಿದ್ದೆ. ಬೆಳ್ಳಗೆ ಮಾಡುವುದು, ಹೊಟ್ಟೆ ಕರಗಿಸುವುದು, ಮೋಡ ತಂದು ಹಾಕುವುದು, ಇವೆಲ್ಲ ಜನ ಕೇಳಿ ಮಾಡಿಸಿಕೊಳ್ಳುವ ಸುಳ್ಳು. ಇದು ಅದಲ್ಲ. ಬಳೆ ಒಡೆದುಹಾಕಿ, ಬಳೆಯಿಲ್ಲ ಅಂತ ಉಗ್ರಾಣಕ್ಕೆ ಕಳಿಸಿ, ಆ ಕೈ ಚೆನ್ನಾಗಿ ಕಂಡಿತು ಅಂತ ಅದಕ್ಕೆ ಬೇರೆಯವಳ ಬಳೆ ತೊಡಿಸಿ ಬೇರೆಯವಳದು ಮಾಡುವುದು. ಕಥೆ ಅಂದರೆ ಏನು ಅಂತ ನಾನೂ ನಾಲ್ಕಕ್ಷರ ಓದಿದ್ದೇನೆ. ಇದ್ದವರನ್ನು ಇದ್ದರು ಅನ್ನದೆ ಹೋದರೆ ನನ್ನ ಕೈಯಲ್ಲಿ ಕ್ಯಾಮೆರಾ ಯಾಕೆ? ಆ ಪರದೆಯನ್ನು ಎತ್ತಿ ಕುಕ್ಕಬೇಕು ಅನ್ನಿಸಿತು. ಕುಕ್ಕಲಿಲ್ಲ. “ಇದು ಪ್ರಿಂಟಿಗೆ ಹೋದ್ರೆ ನಾಳೆಯಿಂದ ಬರಲ್ಲ” ಅಂದೆ. “ಬ್ಯಾಡ ಬುಡು” ಅಂದ. ಪ್ರಿಂಟಿಗೆ ಹೋಯಿತು. ನಾನು ಹೋಗಲಿಲ್ಲ.

ಅವ್ವ ಎರಡು ದಿನ ಮಾತು ಬಿಟ್ಟಳು. ಅಪ್ಪ, “ಯಾರ್ದೋ ಮದ್ವೆ, ಯಾರ್ದೋ ಬಳೆ, ನಿಂಗ್ಯಾಕೆ ಬೇಕಾಗಿತ್ತು” ಅಂದ. ಮೂಲ ಫೋಟೋಗಳು ನನ್ನ ಹತ್ತಿರ ಇದ್ದವು. ರಾಮನಗರದಲ್ಲಿ ಬೇರೆ ಕಡೆ, ಜಯಮ್ಮ ಪೂರ್ತಿ ಕಾಣುವ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಮಾಗಡಿ ಬಸ್ಸು ಹತ್ತಿದೆ. ಅಷ್ಟು ಹೊತ್ತಿಗೆ ಮುಂಗಾರು ಹಿಡಿದಿತ್ತು. ಫ್ರೇಮಿಗೆ ಪ್ಲಾಸ್ಟಿಕ್ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

ಜಯಮ್ಮ ಹುಳದ ಮನೆಯಲ್ಲಿದ್ದರು. “ಅಲ್ಲೇ ಇರವ್ವ, ಹೊರಗಡೆ ಕಾಲಲ್ಲಿ ಒಳಕ್ಕೆ ಬರ್ಬ್ಯಾಡ” ಅಂತ ಕೂಗಿ, ಕೈ ತೊಳೆದುಕೊಂಡು ಬಂದರು. ಹುಳ ಜ್ವರಕ್ಕೆ ಕೂತಿದ್ದವು, ರೋಗವಲ್ಲ, ಪೊರೆ ಕಳಚುವ ಮುಂಚಿನ ನಿದ್ದೆ. ಪೊರೆ ಬಿಡುವ ತನಕ ಸೊಪ್ಪು ತಿನ್ನುವುದಿಲ್ಲ, ಅದಕ್ಕೆ ಅವರಿಗೆ ಅಷ್ಟು ಬಿಡುವು. ನಡುಮನೆಯಲ್ಲಿ ಕೂರಿಸಿದರು.

“ಆಲ್ಬಂ ನೋಡಿದ್ರಾ?” ಅಂದೆ.

“ಸೌಮ್ಯ ತಂದಿತ್ತು. ಬಳೆ ಚೆನ್ನಾಗವೆ. ನಮ್ ಅಕ್ಕಯ್ಯಂದು ತಾನೆ?” ತಿಮ್ಮೇಗೌಡರ ಹೆಂಡತಿಯನ್ನು ಅವರು ಹಾಗೆ ಕರೆಯುತ್ತಿದ್ದರು.

“ಹೂಂ.”

“ಆವಮ್ಮನ ಬಳೆ ತಗ್ದು ಮುಂಡೆ ಕೈಗೆ ತೊಡ್ಸವ್ರೆ ಅಂತ ಆವಮ್ಮಂಗೆ ಗೊತ್ತಾದ್ರೆ ಒಂದ್ ವಾರ ಉಣ್ಣಕ್ಕಿಲ್ಲ.” ನಕ್ಕರು. ಆಮೇಲೆ ನಗು ನಿಲ್ಲಿಸಿ, “ಗಾಯಾನೂ ಅಳಿಸವ್ರೆ ಕಣವ್ವ. ಆ ಗಾಯ ಆದ ದಿನವೂ ಸೊಪ್ಪು ಹಾಕಿವ್ನಿ ನಾನು” ಅಂದರು.

ಪ್ಲಾಸ್ಟಿಕ್ ಬಿಚ್ಚಿ ಫ್ರೇಮು ಕೊಟ್ಟೆ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಗಳನ್ನು ನೋಡುತ್ತಿದ್ದಾರೆ ಅಂದುಕೊಂಡಿದ್ದೆ.

“ನಾನಿಷ್ಟುದ್ದ ಇದ್ದೀನಾ?” ಅಂದರು.

“ಇದ್ದೀರಿ.”

ಒಳಗೆ ಹೋಗಿ ಮೊಳೆ ಮತ್ತು ಗುಂಡುಕಲ್ಲು ತಂದರು. ಪಕ್ಕದ ಗೋಡೆ ತೋರಿಸಿದೆ, ಬೇಡ ಅಂದರು. ತಲೆಬಾಗಿಲಿಗೆ ಎದುರಿನ ಗೋಡೆ, ಬಂದವರ ಕಣ್ಣು ಮೊದಲು ಬೀಳುವ ಜಾಗ. ಮೊಳೆ ನನ್ನ ಕೈಗೆ ಕೊಟ್ಟು ಹಿಡಿಸಿ, ತಾವೇ ಹೊಡೆದರು. ಹಳೇ ಮಣ್ಣಿನ ಗೋಡೆ, ಸದ್ದು ಇಡೀ ಬೀದಿಗೆ ಕೇಳಿರಬೇಕು. ತಿಮ್ಮೇಗೌಡರ ಮನೆ ಮಗ್ಗುಲಲ್ಲೇ.

“ಏನಮ್ಮಿ ಅದು ಸದ್ದು?” ಅಂತ ಗೌಡರು ಬಂದು ಬಾಗಿಲಲ್ಲಿ ನಿಂತರು. ಮೊದಲು ನನ್ನನ್ನು ನೋಡಿದರು, ಆಮೇಲೆ ಗೋಡೆ.

“ಮೊಳೆ ಹೊಡೀತಿದ್ದೆ ಭಾವ. ಬನ್ನಿ, ಕಾಫಿ ಕಾಯಿಸ್ತೀನಿ” ಅಂದರು ಜಯಮ್ಮ.

ತಮ್ಮನ ಮನೆಯಲ್ಲಿ ಕಾಫಿ ಬೇಡ ಅಂದರೆ ಊರಿಗೆ ಸುದ್ದಿ. ಬಂದರು. ಇದ್ದ ಒಂದೇ ಕುರ್ಚಿಯನ್ನು ಎಳೆದುಕೊಂಡು, ಫೋಟೋಗೆ ಬೆನ್ನು ಮಾಡಿ ಬಾಗಿಲ ಕಡೆ ಮುಖ ಹಾಕಿ ಕೂರಲು ಹೋದರು. ಜಯಮ್ಮ ಒಳಗಿಂದ ಬಂದು, “ಇರಿ ಭಾವ, ಎರಚಲು ಹೊಡೀತದೆ” ಅಂತ ಆ ಕುರ್ಚಿಯನ್ನು ಹಿಡಿದು ತಿರುಗಿಸಿ ಇಟ್ಟರು. ಮಳೆ ನಿಂತು ಆಗಲೇ ಎಷ್ಟೋ ಹೊತ್ತಾಗಿತ್ತು. ತಿಮ್ಮೇಗೌಡರು ಕುರ್ಚಿ ನೋಡಿದರು, ಜಯಮ್ಮನನ್ನು ನೋಡಿದರು, ಕೂತರು.

ಕಾಫಿ ಬರುವ ತನಕ ಗೌಡರು ನೆಲ ನೋಡಿದರು, ಮೇಲೆ ತೊಲೆ ನೋಡಿದರು. ಎದುರಿಗೆ ನೋಡದೆ ಎಷ್ಟು ಹೊತ್ತು ಅಂತ ಕೂತಿರುತ್ತಾರೆ? ಲೋಟ ಕೈಗೆ ಬಂದ ಮೇಲೆ ಒಂದು ಗುಟುಕು ಕುಡಿದು ತಲೆ ಎತ್ತಿದರು.

“ಒಸಿ ಬಿಸಿ ಜಾಸ್ತಿ ಆಗೈತೆ” ಅಂದರು.

ಜಯಮ್ಮ ಗೋಡೆಗೆ ಒರಗಿ ನಿಂತಿದ್ದರು, ಫ್ರೇಮಿನ ಪಕ್ಕದಲ್ಲೇ.

“ನಿಧಾನಕ್ಕೆ ಕುಡೀರಿ ಭಾವ.”